‘ಹೇಗೆ ಗೊತ್ತಾಯ್ತು ಟೀಚರ್?’ ಎಂದು ಕೇಳಿದ ಹುಡುಗ

ಸಂಪಾದಕರಿಗೆ ನಮಸ್ಕಾರ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಇಪ್ಪತ್ತೆರಡು ವರ್ಷ ಆಯಿತು. ಪ್ರತಿ ವರ್ಷ ಶಿಕ್ಷಕ ತರಬೇತಿಯಲ್ಲಿರುವವರು ಅಭ್ಯಾಸ ಪಾಠಕ್ಕೆಂದು ನಮ್ಮ ತರಗತಿಗಳಿಗೆ ಬರುತ್ತಾರೆ. ಕೆಲವು ವಾರ ಇರುತ್ತಾರೆ, ಪಾಠಗಳ ಲೆಕ್ಕ ಮುಗಿಸಿ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಹೊಸ ಶಿಕ್ಷಕರ ಬಗ್ಗೆ ಮಾತು ಬಂದಾಗಲೆಲ್ಲ ‘ಈಗಿನವರಿಗೆ ವಿಷಯವೇ ಗೊತ್ತಿಲ್ಲ’ ಎನ್ನುವವರೇ ಜಾಸ್ತಿ. ಆ ಮಾತು ಪೂರ್ತಿ ಸರಿಯಲ್ಲ ಎಂದು ನನಗೆ ತಿಳಿದದ್ದು ಒಂದು ಪಿರಿಯಡ್‌ನಲ್ಲಿ. ಅದನ್ನು ಹೇಳಲೆಂದೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಜಾಗ ಕೊಡಿ.

ಆವತ್ತು ಒಂಬತ್ತನೇ ತರಗತಿ. ತರಬೇತಿಗೆ ಬಂದಿದ್ದ ಹುಡುಗಿ ಪ್ರಾಚೀನ ಈಜಿಪ್ಟಿನ ಪಾಠ ಮಾಡುತ್ತಿದ್ದಳು. ಚೆನ್ನಾಗಿ ತಯಾರಾಗಿ ಬಂದಿದ್ದಳು. ಚಾರ್ಟ್ ಇತ್ತು, ನೈಲ್ ನದಿಯ ನಕ್ಷೆ ಇತ್ತು, ಪಾಠ ಯೋಜನೆಯಲ್ಲಿ ಯಾವ ನಿಮಿಷಕ್ಕೆ ಏನು ಅಂತ ಗೆರೆ ಎಳೆದು ಬರೆದಿದ್ದಳು. ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಈಜಿಪ್ಟಿನವರು ಚಿತ್ರಲಿಪಿಯಲ್ಲಿ ಬರೆಯುತ್ತಿದ್ದರು, ಕಾಲ ಕಳೆದಂತೆ ಅದನ್ನು ಓದಲು ಬರುವವರೇ ಇಲ್ಲದಂತಾಯಿತು ಎಂದು ಹೇಳಿ ಪಿರಮಿಡ್ಡಿನ ಕಡೆ ಹೊರಳಿದಳು. ಆಗ ಮೂರನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಟೀಚರ್, ಓದೋಕೆ ಬರೋರು ಯಾರೂ ಉಳೀಲಿಲ್ಲ ಅಂದ್ರಲ್ಲ, ಹಾಗಾದ್ರೆ ಅದ್ರಲ್ಲಿ ಏನು ಬರ್ದಿದೆ ಅಂತ ಈಗ ಹೇಗೆ ಗೊತ್ತಾಯ್ತು?’

ಎಂಥ ಒಳ್ಳೆಯ ಪ್ರಶ್ನೆ! ನನಗೆ ಕೂತಲ್ಲೇ ಖುಷಿಯಾಯಿತು. ಆದರೆ ಅವಳ ಮುಖ ಬಿಳಚಿಕೊಂಡಿತು. ಸೀಮೆಸುಣ್ಣ ಹಿಡಿದ ಕೈ ಬೋರ್ಡಿನ ಮೇಲೇ ನಿಂತುಬಿಟ್ಟಿತು. ಒಮ್ಮೆ ನನ್ನ ಕಡೆ ನೋಡಿದಳು, ಒಮ್ಮೆ ಮೇಜಿನ ಮೇಲಿದ್ದ ಪಾಠ ಯೋಜನೆ ಕಡೆ ನೋಡಿದಳು. ‘ಅದು ಈ ಪಾಠದಲ್ಲಿ ಬರಲ್ಲ, ಆಮೇಲೆ ನೋಡೋಣ, ಕೂತ್ಕೋ’ ಎಂದಳು. ಹುಡುಗ ಕೂತ. ಆ ಪಿರಿಯಡ್ ಮುಗಿಯುವವರೆಗೆ ಇನ್ನೊಂದು ಕೈ ಮೇಲೇಳಲಿಲ್ಲ.

ಸ್ಟಾಫ್ ರೂಮಿಗೆ ಬಂದ ಮೇಲೆ ಕೇಳಿದೆ, ‘ಯಾಕಮ್ಮಾ, ಅದು ನಿಂಗೆ ಗೊತ್ತಿರಲಿಲ್ವಾ?’

‘ಗೊತ್ತಿತ್ತು ಮೇಡಂ’ ಎಂದಳು. ಕಣ್ಣು ತುಂಬಿಕೊಂಡಿತ್ತು. ಆಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. 1799ರಲ್ಲಿ ಫ್ರೆಂಚ್ ಸೈನಿಕರು ರೊಸೆಟ್ಟಾ ಎಂಬ ಊರಿನ ಹತ್ತಿರ ಕೋಟೆಯ ಕೆಲಸ ಮಾಡುವಾಗ ಒಂದು ಕಲ್ಲು ಸಿಕ್ಕಿದ್ದು, ಅದರ ಮೇಲೆ ಒಂದೇ ಶಾಸನ ಮೂರು ಲಿಪಿಗಳಲ್ಲಿ ಇದ್ದದ್ದು, ಮೂರರಲ್ಲಿ ಗ್ರೀಕ್ ಮಾತ್ರ ಆಗಿನ ವಿದ್ವಾಂಸರಿಗೆ ಓದಲು ಬರುತ್ತಿದ್ದದ್ದು, ಚಿತ್ರಲಿಪಿಯಲ್ಲಿ ರಾಜರ ಹೆಸರಿನ ಸುತ್ತ ಉದ್ದನೆಯ ಚೌಕಟ್ಟು ಹಾಕುತ್ತಿದ್ದರೆಂಬ ಸುಳಿವು ಹಿಡಿದು, ಅದರಲ್ಲಿದ್ದ ಟಾಲೆಮಿ ಎಂಬ ಹೆಸರನ್ನು ಬೇರೊಂದು ಕಂಬದ ಮೇಲಿದ್ದ ಕ್ಲಿಯೋಪಾತ್ರ ಎಂಬ ಹೆಸರಿನ ಜೊತೆ ಹೋಲಿಸಿ, 1822ರಲ್ಲಿ ಶಾಂಪೋಲಿಯನ್ ಎಂಬ ಫ್ರೆಂಚ್ ವಿದ್ವಾಂಸ ಆ ಲಿಪಿ ಓದುವ ದಾರಿ ಕಂಡುಕೊಂಡದ್ದು. ಒಂದು ಇಸವಿಯೂ ತಪ್ಪಲಿಲ್ಲ. ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಮಾಡಿದ ಹುಡುಗಿ, ಗೊತ್ತಿರದೇ ಇರುತ್ತದೆಯೇ?

‘ಮತ್ತೆ ಹೇಳಲಿಲ್ಲ ಯಾಕೆ?’

‘ಪ್ಲಾನಲ್ಲಿ ಇರಲಿಲ್ಲ ಮೇಡಂ. ಅಲ್ಲಿ ನಿಂತ್ರೆ ಪಾಠ ಮುಗೀತಿರಲಿಲ್ಲ. ವೀಕ್ಷಣೆ ಹಾಳೆಯಲ್ಲಿ ಟೈಮಿಗೆ ಮಾರ್ಕ್ಸ್ ಇದೆ.’

ಸಂಪಾದಕರೇ, ನನ್ನ ಮನಸ್ಸಿಗೆ ನಾಟಿದ್ದು ಈ ಮಾತು. ವಿಷಯ ಗೊತ್ತಿತ್ತು. ಮಕ್ಕಳ ಮೇಲೆ ಪ್ರೀತಿ ಇತ್ತು. ತಯಾರಿಯೂ ಇತ್ತು. ಆದರೆ ಮಗು ಕೇಳುವ ಪ್ರಶ್ನೆಗೆ ಅವಳನ್ನು ಯಾರೂ ತಯಾರು ಮಾಡಿರಲಿಲ್ಲ. ಪ್ರಶ್ನೆ ಬಂದರೆ ಪಾಠ ಕೆಡುತ್ತದೆ ಎಂದೇ ಅವಳು ತಿಳಿದಿದ್ದಳು. ಸಮಾಜ ವಿಜ್ಞಾನದಲ್ಲಂತೂ ಅಂಥ ಪ್ರಶ್ನೆಯಿಂದಲೇ ಪಾಠ ಶುರುವಾಗುತ್ತದೆ. ‘ಹೇಗೆ ಗೊತ್ತಾಯ್ತು?’ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಈ ವಿಷಯದಲ್ಲಿ ಇನ್ನೊಂದಿಲ್ಲ ಅಲ್ವಾ?

ಆ ವೀಕ್ಷಣೆ ಹಾಳೆಯನ್ನು ಆಮೇಲೆ ನಾನು ಸರಿಯಾಗಿ ಓದಿದೆ. ಇಷ್ಟು ವರ್ಷ ಸಹಿ ಹಾಕಿದ್ದೇನೆ, ಗಮನಿಸಿರಲಿಲ್ಲ. ಧ್ವನಿ ಸ್ಪಷ್ಟವಾಗಿತ್ತೇ, ಬೋರ್ಡಿನ ಬರಹ ಅಂದವಾಗಿತ್ತೇ, ಪಾಠೋಪಕರಣ ಬಳಸಿದರೇ, ಪೀಠಿಕೆ ಹೇಗಿತ್ತು, ಸಮಯಕ್ಕೆ ಮುಗಿಸಿದರೇ. ಎಲ್ಲ ಕಾಲಂಗಳೂ ಶಿಕ್ಷಕರ ಮೇಲೆಯೇ. ಮಕ್ಕಳು ಏನು ಕೇಳಿದರು, ಏನು ತಪ್ಪು ತಿಳಿದರು ಎಂದು ಬರೆಯಲು ಅಲ್ಲಿ ಒಂದು ಸಾಲಿನ ಜಾಗವೂ ಇಲ್ಲ. ಅಂಕ ಎಲ್ಲಿದೆಯೋ ಹೊಸಬರ ಗಮನ ಅಲ್ಲೇ ಇರುತ್ತದೆ. ಅವರನ್ನು ದೂರಿ ಏನು ಪ್ರಯೋಜನ?

ನಮ್ಮ ವಿಷಯಕ್ಕೆ ಇನ್ನೊಂದು ತೊಂದರೆ ಇದೆ. ‘ಸಮಾಜ ತಾನೇ, ಯಾರು ಬೇಕಾದ್ರೂ ಮಾಡ್ತಾರೆ’ ಎನ್ನುವ ಮಾತು ಶಾಲೆಗಳಲ್ಲೇ ಓಡಾಡುತ್ತದೆ. ಪುಸ್ತಕದಲ್ಲಿ ಎಲ್ಲ ಇದೆ, ಓದಿ ಹೇಳಿದರೆ ಆಯಿತು ಎನ್ನುವ ಭಾವನೆ. ನಿಜ ನೋಡಿದರೆ ಇದು ಒಂದು ವಿಷಯವೇ ಅಲ್ಲ, ನಾಲ್ಕೈದು ವಿಷಯಗಳ ಗಂಟು. ಇತಿಹಾಸ ಓದಿ ಬಂದವರು ಮಾನ್ಸೂನ್ ಮಾರುತ ವಿವರಿಸಬೇಕು. ಭೂಗೋಳ ಓದಿದವರು ಸಂವಿಧಾನ ಹೇಳಬೇಕು. ರಾಜ್ಯಶಾಸ್ತ್ರದವರು ಹಣದುಬ್ಬರ ಕಲಿಸಬೇಕು. ಪದವಿಯಲ್ಲಿ ಒಂದೆರಡನ್ನು ಮಾತ್ರ ಆಳವಾಗಿ ಓದಿರುತ್ತಾರೆ. ಉಳಿದದ್ದನ್ನು ತಾವೂ ಕೊನೆಯ ಬಾರಿ ಓದಿದ್ದು ಹೈಸ್ಕೂಲಿನಲ್ಲೇ. ಹಾಗಾಗಿ ಆ ಪಾಠ ಬಂದಾಗ ತಮಗೆ ಹೈಸ್ಕೂಲಿನಲ್ಲಿ ಹೇಗೆ ಹೇಳಿಕೊಟ್ಟಿದ್ದರೋ ಹಾಗೇ ಹೇಳುತ್ತಾರೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಇದನ್ನು ಗುರುತಿಸಿದ್ದರು. ಬೇರೆ ಯಾವ ಕೆಲಸಕ್ಕೆ ಸೇರುವವರೂ ಆ ಕೆಲಸವನ್ನು ಅಷ್ಟು ಹತ್ತಿರದಿಂದ ಅಷ್ಟು ವರ್ಷ ನೋಡಿರುವುದಿಲ್ಲ. ಶಿಕ್ಷಕರಾಗುವವರು ಮಾತ್ರ ಬಾಲ್ಯದಿಂದ ಸಾವಿರಾರು ಗಂಟೆ ಪಾಠ ಕೇಳಿಯೇ ಬಂದಿರುತ್ತಾರೆ. ಆದರೆ ಅವರು ನೋಡಿದ್ದು ಬೆಂಚಿನ ಕಡೆಯಿಂದ. ಟೀಚರ್ ಮಾತಾಡುವುದು ಕಂಡಿದೆ. ಯಾಕೆ ಆ ಉದಾಹರಣೆ ಆರಿಸಿದರು, ಯಾಕೆ ಅಲ್ಲಿ ಸುಮ್ಮನಾದರು, ಯಾವ ಹುಡುಗಿಯ ಮುಖ ನೋಡಿ ಮತ್ತೊಮ್ಮೆ ವಿವರಿಸಿದರು ಎಂಬುದು ಕಂಡಿಲ್ಲ. ತರಬೇತಿ ಆ ಇನ್ನೊಂದು ಕಡೆಯನ್ನು ತೋರಿಸದೇ ಹೋದರೆ ಹಳೆಯದೇ ಮುಂದುವರಿಯುತ್ತದೆ. ನಾನೂ ಮೊದಲ ಮೂರು ವರ್ಷ ನೋಟ್ಸ್ ಬರೆಸಿದವಳೇ. ಆ ಮಕ್ಕಳನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ವಿಷಯ ಗೊತ್ತಿರುವುದು ಬೇರೆ, ಅದನ್ನು ಮಕ್ಕಳು ಎಲ್ಲಿ ತಪ್ಪು ತಿಳಿಯುತ್ತಾರೆ ಎಂದು ಗೊತ್ತಿರುವುದು ಬೇರೆ. ಲೀ ಶುಲ್ಮನ್ ಎಂಬ ಶಿಕ್ಷಣ ತಜ್ಞರು 1986ರಲ್ಲಿ ಈ ಎರಡನೆಯದಕ್ಕೆ ಒಂದು ಹೆಸರು ಕೊಟ್ಟು, ಶಿಕ್ಷಕರಿಗೇ ಬೇಕಾದ ಬೇರೆಯೇ ಜ್ಞಾನ ಇದು ಎಂದರು. ಹೆಸರು ಏನೇ ಇರಲಿ, ತರಗತಿಯಲ್ಲಿ ಅದು ಹೀಗೆ ಕಾಣುತ್ತದೆ. ಬೇಸಿಗೆ ಯಾಕೆ ಬರುತ್ತದೆ ಎಂದು ಕೇಳಿ ನೋಡಿ. ಅರ್ಧ ತರಗತಿ ‘ಭೂಮಿ ಸೂರ್ಯನ ಹತ್ತಿರ ಹೋಗುತ್ತೆ’ ಎನ್ನುತ್ತದೆ. ಹೊಸ ಶಿಕ್ಷಕರು ‘ತಪ್ಪು’ ಎಂದು ಹೇಳಿ, ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ ಎಂದು ಬೋರ್ಡಿನಲ್ಲಿ ಬರೆಯುತ್ತಾರೆ. ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲೂ ಬರೆಯುತ್ತಾರೆ. ಆದರೆ ತಲೆಯೊಳಗೆ ಹಳೆಯ ಉತ್ತರವೇ ಕೂತಿರುತ್ತದೆ. ಅದನ್ನು ಕೀಳಬೇಕಾದರೆ, ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದ ಹೊತ್ತಿಗೆ, ಆಗ ಉತ್ತರಾರ್ಧಗೋಳದಲ್ಲಿ ಚಳಿಗಾಲ ಎಂದು ಹೇಳಿ ಸುಮ್ಮನೆ ನಿಲ್ಲಬೇಕು. ಆಗ ನೋಡಿ ಮಕ್ಕಳ ಹಣೆ ಗಂಟಾಗುವುದು! ‘ಹಾಗಾದ್ರೆ ಮತ್ತೆ ಬೇಸಿಗೆ ಹೇಗೆ?’ ಎಂದು ಅವರೇ ಕೇಳುತ್ತಾರೆ. ಟಾರ್ಚು, ಗ್ಲೋಬು ಹೊರಗೆ ತೆಗೆಯಬೇಕಾದ ಹೊತ್ತು ಅದೇ.

ಅರ್ಥಶಾಸ್ತ್ರದಲ್ಲಿ ಇಂಥದ್ದೇ ಒಂದು ಪ್ರಶ್ನೆ ಇದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ವರ್ಷವೂ ತಪ್ಪಿಲ್ಲ. ‘ಟೀಚರ್, ಬಡವರಿಗೆ ದುಡ್ಡಿಲ್ಲ ಅಂದ್ರೆ ಸರ್ಕಾರ ನೋಟು ಜಾಸ್ತಿ ಅಚ್ಚು ಹಾಕಿ ಹಂಚಿದ್ರೆ ಆಯ್ತಲ್ವಾ?’ ಕೇಳುವ ಮಗು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತದೆ. ‘ಹಾಗೆಲ್ಲ ಆಗಲ್ಲ’ ಎಂದು ಬಾಯಿ ಮುಚ್ಚಿಸಬಹುದು. ಇಲ್ಲವೇ 1923ರ ಜರ್ಮನಿಗೆ ಕರೆದುಕೊಂಡು ಹೋಗಬಹುದು. ಅಚ್ಚು ಹಾಕುತ್ತಾ ಹೋಗಿ ಆ ವರ್ಷದ ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಾಗಿತ್ತು. ಈ ಸಂಖ್ಯೆಯನ್ನು ಸೊನ್ನೆಗಳ ಸಮೇತ ಬೋರ್ಡಿನಲ್ಲಿ ಬರೆಯಲು ಆ ಮಗುವನ್ನೇ ಕರೆಯಿರಿ, ಪಾಠ ತಾನಾಗಿ ಮುಂದೆ ಹೋಗುತ್ತದೆ.

ಇಂಥ ಪ್ರಶ್ನೆಗಳು ಲೆಕ್ಕವಿಲ್ಲದಷ್ಟು ಇವೆ ಅನ್ನಿಸಬಹುದು. ಹಾಗೇನಿಲ್ಲ. ಒಂದು ಪಾಠಕ್ಕೆ ಐದಾರು ಇರುತ್ತವೆ, ವರ್ಷ ವರ್ಷ ಅವೇ ಬರುತ್ತವೆ. ಅನುಭವಿ ಶಿಕ್ಷಕರಿಗೆಲ್ಲ ಅವು ಬಾಯಿಪಾಠ. ಆದರೆ ಎಲ್ಲೂ ಬರೆದಿಟ್ಟಿಲ್ಲ. ಪ್ರತಿ ಹೊಸಬರೂ ಅವನ್ನು ತರಗತಿಯಲ್ಲಿ ಎಡವಿ ಎಡವಿಯೇ ಕಲಿಯುತ್ತಾರೆ, ಆ ಎಡವುವ ವರ್ಷಗಳ ಮಕ್ಕಳಿಗೆ ನಷ್ಟ. ತರಬೇತಿ ಕಾಲೇಜುಗಳು ಇವನ್ನು ಸಂಗ್ರಹಿಸಿ ಕಲಿಸಬಾರದೇಕೆ?

ಓದುವುದನ್ನು ಕಲಿಸುವುದೂ ಹಾಗೆಯೇ. ಸ್ಯಾಮ್ ವೈನ್‌ಬರ್ಗ್ ಎಂಬುವರು 1991ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಕಲಿಸಿತು. 8 ಇತಿಹಾಸಕಾರರು, 8 ಜನ ಪ್ರೌಢಶಾಲಾ ವಿದ್ಯಾರ್ಥಿಗಳು. ಎಲ್ಲರಿಗೂ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ 1775ರ ಲೆಕ್ಸಿಂಗ್ಟನ್ ಕಾಳಗದ ಬಗ್ಗೆ ಬೇರೆ ಬೇರೆಯವರು ಬರೆದ ದಾಖಲೆಗಳನ್ನು ಕೊಟ್ಟು, ಓದುತ್ತಾ ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳಿ ಎಂದರು. ಇತಿಹಾಸಕಾರರು ಮೊದಲು ನೋಡಿದ್ದು ಯಾರು ಬರೆದದ್ದು, ಯಾವಾಗ ಬರೆದದ್ದು ಎಂದು. ಒಂದನ್ನು ಇನ್ನೊಂದರ ಪಕ್ಕ ಇಟ್ಟು ತೂಗಿದರು. ವಿದ್ಯಾರ್ಥಿಗಳು ಜಾಣರೇ. ಆದರೂ ಮೇಲಿನಿಂದ ಕೆಳಗೆ ಓದಿ ಮಾಹಿತಿ ಹೆಕ್ಕಿಕೊಂಡರು. ಪಠ್ಯಪುಸ್ತಕ ಏನೋ ಹೇಳಿದೆ ಎಂದರೆ ಅದೇ ಸರಿ ಎಂದುಕೊಂಡರು. ನಮ್ಮಲ್ಲಿಗೆ ಬರುವ ಪ್ರಶಿಕ್ಷಣಾರ್ಥಿಗಳಲ್ಲೂ ಎಷ್ಟೋ ಮಂದಿ ಈ ವಿದ್ಯಾರ್ಥಿಗಳ ಹಾಗೆಯೇ ಓದುತ್ತಾರೆ, ಯಾಕೆಂದರೆ ಬೇರೆ ಥರ ಓದುವ ಅಭ್ಯಾಸವನ್ನು ಅವರಿಗೆ ಯಾರೂ ಮಾಡಿಸಿಲ್ಲ. ತಾನು ಮಾಡದ ಕೆಲಸವನ್ನು ಇನ್ನೊಬ್ಬರಿಗೆ ಕಲಿಸುವುದು ಕಷ್ಟ.

ನಕ್ಷೆಯ ವಿಷಯಕ್ಕೂ ಇದೇ ಮಾತು. ತರಗತಿಯ ಗೋಡೆಯ ಮೇಲಿನ ಪ್ರಪಂಚ ನಕ್ಷೆ ಎಷ್ಟೋ ಕಡೆ ಮರ್ಕೇಟರ್ ಎಂಬ ನಕ್ಷೆಗಾರ 1569ರಲ್ಲಿ ರೂಪಿಸಿದ ಕ್ರಮದ್ದು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ವಾಸ್ತವದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು. ಒಂದು ಸಲ ತೆಳು ಕಾಗದವನ್ನು ಗ್ಲೋಬಿನ ಮೇಲಿಟ್ಟು ಗ್ರೀನ್‌ಲ್ಯಾಂಡಿನ ಅಂಚು ಎಳೆದು, ಕತ್ತರಿಸಿ, ಅದೇ ಗ್ಲೋಬಿನ ಆಫ್ರಿಕಾದ ಮೇಲೆ ಇಡಲು ಮಕ್ಕಳಿಗೆ ಹೇಳಿದೆ. ಒಬ್ಬಳು ಆ ಚೂರನ್ನು ಮೇಲೆ ಕೆಳಗೆ ಸರಿಸುತ್ತಾ, ‘ಇನ್ನೂ ಜಾಗ ಇದೆ, ಇನ್ನೂ ಜಾಗ ಇದೆ’ ಎಂದು ಎಣಿಸುತ್ತಾ ಹೋದಳು. ಕೊನೆಗೆ ಗೋಡೆಯ ನಕ್ಷೆ ಕಡೆ ತಿರುಗಿ ‘ಹಾಗಾದ್ರೆ ಇದು ಸುಳ್ಳಾ ಟೀಚರ್?’ ಎಂದಳು. ಸುಳ್ಳಲ್ಲ, ಹಡಗಿನವರಿಗೆ ದಿಕ್ಕು ತಪ್ಪದಿರಲೆಂದು ಮಾಡಿದ ನಕ್ಷೆ, ದಿಕ್ಕು ಉಳಿಸಿಕೊಳ್ಳಲು ಗಾತ್ರ ಬಿಟ್ಟುಕೊಟ್ಟಿದೆ ಎಂದು ವಿವರಿಸುವಷ್ಟರಲ್ಲಿ ಬೆಲ್ ಆಯಿತು. ನಕ್ಷೆಯನ್ನೂ ಯಾರೋ ಯಾವುದೋ ಕೆಲಸಕ್ಕಾಗಿ ಬರೆದಿರುತ್ತಾರೆ ಎಂದು ಆ ಮಕ್ಕಳಿಗೆ ಆವತ್ತು ಗೊತ್ತಾಯಿತು.

ಪ್ರಶ್ನೆ ಕೇಳಿ ಕಾಯುವುದನ್ನೂ ಅಭ್ಯಾಸ ಮಾಡಿಸಬೇಕು. ಚಿಕ್ಕ ವಿಷಯ ಅನ್ನಿಸುತ್ತದೆ, ಆದರೆ ಬಹಳ ಕಷ್ಟ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಗಮನಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು ಕಂಡುಕೊಂಡರು. 3 ಸೆಕೆಂಡ್ ಅಥವಾ ಜಾಸ್ತಿ ಕಾದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ, ಮಕ್ಕಳೇ ಪ್ರಶ್ನೆ ಕೇಳುವುದೂ ಹೆಚ್ಚುತ್ತದೆ. ನಲವತ್ತು ಕಣ್ಣು ಜೋಡಿ ನೋಡುತ್ತಿರುವಾಗ ಆ 3 ಸೆಕೆಂಡ್ ಮೌನ ಒಂದು ಗಂಟೆಯ ಹಾಗೆ ಅನ್ನಿಸುತ್ತದೆ. ನಾನು ಈಗ ಹಿಂದಿನ ಬೆಂಚಿನಲ್ಲಿ ಕೂತು ಪ್ರಶಿಕ್ಷಣಾರ್ಥಿಗೆ ಕಾಣುವ ಹಾಗೆ ಒಂದೊಂದೇ ಬೆರಳು ಬಿಚ್ಚುತ್ತೇನೆ. ಮೂರನೇ ಬೆರಳು ಬಿಚ್ಚುವವರೆಗೆ ಮಾತಾಡಬಾರದು. ಮೊದಲ ದಿನ ಒದ್ದಾಡುತ್ತಾರೆ. ಒಂದು ವಾರದಲ್ಲಿ ಬೆರಳು ಬೇಕಾಗುವುದಿಲ್ಲ.

ಹೊಸಬರು ಎಲ್ಲಕ್ಕಿಂತ ಹೆದರುವುದು ಯಾವುದಕ್ಕೆ ಗೊತ್ತೇ? ಜಗಳದ ವಿಷಯಗಳಿಗೆ. ಧರ್ಮ, ಯುದ್ಧ, ವಲಸೆ, ಮೀಸಲಾತಿ, ಚುನಾವಣೆ. ಮಕ್ಕಳು ಮನೆಯಲ್ಲಿ, ಮೊಬೈಲಿನಲ್ಲಿ ಕೇಳಿದ್ದನ್ನು ಹೊತ್ತು ತರಗತಿಗೆ ಬರುತ್ತಾರೆ. ಒಬ್ಬ ಏನೋ ಅಂದ, ಇನ್ನೊಬ್ಬ ಎದ್ದು ನಿಂತ, ತರಗತಿ ಎರಡಾಯಿತು. ಶಿಕ್ಷಕಿಗೆ ವಯಸ್ಸು ಇಪ್ಪತ್ತನಾಲ್ಕು. ನಾಳೆ ಪೋಷಕರು ಬಂದರೆ? ಹೆಡ್‌ಮಾಸ್ಟರ್ ಕರೆದರೆ? ‘ಅದೆಲ್ಲ ಇಲ್ಲಿ ಬೇಡ’ ಎಂದು ಪುಸ್ತಕ ತೆರೆಸುತ್ತಾಳೆ. ನಾನು ಅವಳನ್ನು ತಪ್ಪು ಅನ್ನಲಾರೆ. ಅವಳ ಕೈಗೆ ಯಾರೂ ಒಂದು ನಿಯಮವನ್ನೂ ಕೊಟ್ಟಿಲ್ಲ.

ಜರ್ಮನಿಯಲ್ಲಿ 1976ರಲ್ಲಿ ಬಾಯ್ಟಲ್ಸ್‌ಬಾಖ್ ಎಂಬ ಊರಿನಲ್ಲಿ ಬೇರೆ ಬೇರೆ ರಾಜಕೀಯ ನಿಲುವಿನ ಶಿಕ್ಷಣ ತಜ್ಞರು ಸೇರಿ ಚರ್ಚಿಸಿದರು, ಅಲ್ಲಿಂದ ಮೂರು ಸರಳ ಮಾತು ಹೊರಬಂದವು. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು. ಸಮಾಜದಲ್ಲಿ, ವಿದ್ವಾಂಸರಲ್ಲಿ ವಿವಾದ ಇರುವ ವಿಷಯವನ್ನು ತರಗತಿಯಲ್ಲೂ ವಿವಾದ ಇದೆ ಎಂದೇ ತೋರಿಸಬೇಕು. ಮಕ್ಕಳು ತಮ್ಮ ಸ್ಥಿತಿಯನ್ನು ತಾವೇ ತೂಗಿ ನೋಡುವಷ್ಟು ಬಲ ಅವರಿಗೆ ಕೊಡಬೇಕು. ಇಷ್ಟೇ. ಇದರಲ್ಲಿ ಎರಡನೆಯದನ್ನು ಎಚ್ಚರದಿಂದ ಹಿಡಿಯಬೇಕು. ವಿವಾದ ಇಲ್ಲದ್ದನ್ನು ಸುಮ್ನೆ ವಿವಾದ ಮಾಡಬಾರದು. ನಾಜಿಗಳು ಯಹೂದಿಗಳನ್ನು ಕೊಂದದ್ದು ನಿಜವೋ ಅಲ್ಲವೋ ಎಂದು ಚರ್ಚೆ ಇಡುವುದಕ್ಕೆ ಆಗುವುದಿಲ್ಲ, ಅದಕ್ಕೆ ಸಾಕ್ಷಿಯ ರಾಶಿ ಇದೆ. ಅಣೆಕಟ್ಟು ಬೇಕೋ ಬೇಡವೋ ಎಂಬುದು ನಿಜವಾದ ಚರ್ಚೆ. ಯಾವುದು ಯಾವುದು ಎಂದು ಬೇರ್ಪಡಿಸುವುದನ್ನು ತರಬೇತಿಯಲ್ಲೇ ಕಲಿಯಬೇಕು, ಬರೀ ಉಪನ್ಯಾಸ ಕೇಳಿ ಅದು ಬರುವುದಿಲ್ಲ. ಅರ್ಧ ಜನ ಮಕ್ಕಳಾಗಿ ಕೂತು ಜಗಳ ಮಾಡಲಿ, ಒಬ್ಬರು ಮುಂದೆ ನಿಂತು ನಿಭಾಯಿಸಲಿ. ತಪ್ಪಿದರೆ ಅಲ್ಲೇ ತಪ್ಪಲಿ, ಅಲ್ಲಿ ಯಾವ ಮಗುವಿಗೂ ನೋವಾಗುವುದಿಲ್ಲ.

ಈಗ ಆ ಹುಡುಗಿಯ ಕಥೆಗೆ ಬರುತ್ತೇನೆ.

ಆ ದಿನ ನಾನು ಅವಳಿಗೆ ಒಂದೇ ಮಾತು ಹೇಳಿದೆ. ‘ನಾಡಿದ್ದು ಬಿ ಸೆಕ್ಷನ್‌ಗೆ ಇದೇ ಪಾಠ ಮಾಡು. ಹೊಸ ಪಾಠ ಬೇಡ. ಇದನ್ನೇ ಮಾಡು, ಆ ಹುಡುಗನ ಪ್ರಶ್ನೆಯಿಂದ ಶುರು ಮಾಡು.’ ಅವಳಿಗೆ ಗಾಬರಿ, ಯಾಕೆಂದರೆ ಒಂದೇ ಪಾಠವನ್ನು ಎರಡು ಸಲ ಮಾಡಿದರೆ ಲೆಕ್ಕಕ್ಕೆ ಒಂದೇ ಬರುತ್ತದೆ, ಇಷ್ಟು ಪಾಠ ಮುಗಿಸಲೇಬೇಕು ಎಂಬ ಸಂಖ್ಯೆ ತಲೆಯ ಮೇಲೆ ಇದೆ. ಲೆಕ್ಕದ ವಿಷಯ ನಾನು ಮಾತಾಡುತ್ತೇನೆ ಎಂದೆ.

ಎರಡು ರಾತ್ರಿ ಕೂತು ಅವಳು ಏನು ಮಾಡಿಕೊಂಡು ಬಂದಳು ಅಂದರೆ, ಬೋರ್ಡಿನ ಮೇಲೆ ಒಂದು ಉದ್ದನೆಯ ಚೌಕಟ್ಟು ಬರೆದು ಒಳಗೆ ಮೂರು ಚಿತ್ರ ಹಾಕಿದಳು. ಮೀನು, ನಕ್ಷತ್ರ, ಎಲೆ. ‘ಇದು ಒಂದು ಹೆಸರು. ಕಮಲ ಅಂತ ನನಗೆ ಗೊತ್ತು’ ಎಂದಳು. ಕೆಳಗೆ ಇನ್ನೊಂದು ಚೌಕಟ್ಟು. ಅದರಲ್ಲಿ ದೀಪ, ನಕ್ಷತ್ರ, ಎಲೆ. ‘ಇದು ಯಾರು?’ ಎಂದು ಕೇಳಿ ಸುಮ್ಮನಾದಳು. ನಾನು ಹಿಂದೆ ಬೆರಳು ಬಿಚ್ಚುತ್ತಿದ್ದೆ, ಅವಳು ನೋಡಲೇ ಇಲ್ಲ, ಮಕ್ಕಳನ್ನೇ ನೋಡುತ್ತಿದ್ದಳು. ಒಬ್ಬ ‘ವಿಮಲ’ ಎಂದ. ಇನ್ನೊಬ್ಬಳು ‘ಶ್ಯಾಮಲ’ ಎಂದಳು. ಹಿಂದಿನಿಂದ ‘ಕೋಮಲ’ ಎಂದು ಕೂಗು ಬಂತು. ಗಲಾಟೆಯೋ ಗಲಾಟೆ. ‘ಮೂರೂ ಸರಿ ಇರಬಹುದು. ಯಾವುದು ಅಂತ ಹೇಗೆ ತೀರ್ಮಾನ ಮಾಡೋದು?’ ಎಂದು ಅವಳು ಕೇಳಿದಳು. ಮತ್ತೆ ಮೌನ. ಆಗ ಕಿಟಕಿಯ ಪಕ್ಕದ ಹುಡುಗಿ, ಸಾಮಾನ್ಯವಾಗಿ ಮಾತೇ ಆಡದವಳು, ಮೆಲ್ಲಗೆ ಹೇಳಿದಳು. ‘ಆ ದೀಪ ಇನ್ನೊಂದು ಹೆಸರಲ್ಲೂ ಇದ್ರೆ ಗೊತ್ತಾಗುತ್ತೆ ಟೀಚರ್.’

ಶಾಂಪೋಲಿಯನ್ ಮಾಡಿದ್ದು ಅದನ್ನೇ ಅಲ್ವಾ! ಟಾಲೆಮಿಯ ಹೆಸರಿನಲ್ಲಿರುವ ಒಂದು ಚಿಹ್ನೆ ಕ್ಲಿಯೋಪಾತ್ರದಲ್ಲೂ ಸರಿಯಾದ ಜಾಗದಲ್ಲೇ ಬರುತ್ತದೆಯೇ ಎಂದು ನೋಡಿದ್ದು. ಅವಳು ಆಗ ರೊಸೆಟ್ಟಾ ಕಲ್ಲಿನ ಚಿತ್ರ ತೆಗೆದು ತೋರಿಸಿದಳು. ಮಕ್ಕಳು ಬೆಂಚಿನಿಂದ ಎದ್ದು ನೋಡಿದರು.

ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು, ಅದನ್ನೂ ಹೇಳುತ್ತೇನೆ. ಪಿರಮಿಡ್ಡಿನ ಭಾಗಕ್ಕೆ ಸಮಯ ಸಾಲಲಿಲ್ಲ, ಅದನ್ನು ಮನೆಯಲ್ಲಿ ಓದಿ ಬರಲು ಹೇಳಬೇಕಾಯಿತು. ಪೋರ್ಷನ್ ಮುಗಿಸುವ ಒತ್ತಡ ನನಗೂ ಗೊತ್ತು. ಎಲ್ಲ ಪಾಠವನ್ನೂ ಹೀಗೆ ಮಾಡಲು ಆಗುವುದಿಲ್ಲ. ಆದರೆ ಒಂದು ಘಟಕದಲ್ಲಿ ಒಂದು ಪಾಠವಾದರೂ ಹೀಗಿದ್ದರೆ, ಉಳಿದ ಪಾಠಗಳನ್ನು ಮಕ್ಕಳು ಕೇಳುವ ರೀತಿಯೇ ಬದಲಾಗುತ್ತದೆ. ಇದನ್ನು ನಾನು ವರ್ಷಗಟ್ಟಲೆ ಕಣ್ಣಾರೆ ನೋಡಿದ್ದೇನೆ.

ಅದೇ ಪಾಠವನ್ನು ತಿದ್ದಿ ಮತ್ತೆ ಮಾಡುವುದು ನಾನು ಕಂಡುಹಿಡಿದದ್ದಲ್ಲ. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಸೂಕ್ಷ್ಮ ಬೋಧನೆಯ ತಿರುಳೇ ಅದು. ಸಣ್ಣ ಪಾಠ, ಕೆಲವೇ ಮಕ್ಕಳು, ಒಂದೇ ಕೌಶಲ, ಆಮೇಲೆ ಮಾತುಕತೆ, ಆಮೇಲೆ ಮತ್ತೆ ಪಾಠ. ಸೂಕ್ಷ್ಮ ಬೋಧನೆಯ ಹೆಸರು ತರಬೇತಿ ಕಾಲೇಜುಗಳಲ್ಲಿ ಇದೆ, ಫೈಲೂ ಇದೆ. ಆದರೆ ಆ ‘ಮತ್ತೆ’ ಎನ್ನುವುದು ಎಷ್ಟೋ ಕಡೆ ಕಾಗದದ ಮೇಲೆ ಮಾತ್ರ. ಜಪಾನಿನ ಶಾಲೆಗಳಲ್ಲಿ ಹೊಸಬರು ಹಳಬರು ಎಲ್ಲ ಸೇರಿ ಒಂದು ಪಾಠ ರೂಪಿಸುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ನಿಂತು ನೋಡುತ್ತಾರೆ. ಅವರು ಮುಖ್ಯವಾಗಿ ಗಮನಿಸುವುದು ಮಕ್ಕಳನ್ನು. ಆಮೇಲೆ ಕೂತು ಮಾತಾಡುವಾಗಲೂ ‘ನೀವು ಹೀಗೆ ಮಾಡಬೇಕಿತ್ತು’ ಎನ್ನುವುದಕ್ಕಿಂತ ‘ಆ ಮಗು ಇಲ್ಲಿ ಹೀಗೆ ಬರೆಯಿತು, ಯಾಕೆ?’ ಎನ್ನುವ ಮಾತಿಗೆ ಬೆಲೆ ಜಾಸ್ತಿ. ಇದಕ್ಕೆ ದುಡ್ಡು ಬೇಕಾಗಿಲ್ಲ, ಸಮಯ ಬೇಕು.

ನನ್ನ ಜೊತೆಯ ಹಿರಿಯ ಶಿಕ್ಷಕರಿಗೆ ಒಂದು ಮಾತು. ಪ್ರಶಿಕ್ಷಣಾರ್ಥಿಗಳು ಬಂದರೆಂದರೆ ನಮಗೆ ಬಿಡುವು ಸಿಕ್ಕಿತು ಎಂದುಕೊಳ್ಳುತ್ತೇವೆ. ಅವರನ್ನು ತರಗತಿಗೆ ಬಿಟ್ಟು ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತೇವೆ. ನಾನೂ ಎಷ್ಟೋ ವರ್ಷ ಮಾಡಿದ್ದೇನೆ. ದಯವಿಟ್ಟು ಹಿಂದಿನ ಬೆಂಚಿನಲ್ಲಿ ಕೂರೋಣ. ನಾವು ಪಾಠ ಮಾಡುವಾಗ ಅವರನ್ನು ಕೂರಿಸಿಕೊಳ್ಳೋಣ, ಆಮೇಲೆ ಹತ್ತು ನಿಮಿಷ ಕೂತು ಅಲ್ಲಿ ಯಾಕೆ ನಿಂತೆ, ಆ ಹುಡುಗನನ್ನೇ ಯಾಕೆ ಕೇಳಿದೆ ಎಂದು ಹೇಳೋಣ. ಅವರಿಗೆ ಬೆಂಚಿನಿಂದ ಕಾಣದೇ ಇದ್ದದ್ದು ಅದೇ ತಾನೇ.

ಶಾಲೆ ನಡೆಸುವವರಿಗೂ ಒಂದು ವಿನಂತಿ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ವರ್ಷವೇ ಅತಿ ಹೆಚ್ಚು ಪಿರಿಯಡ್, ಅತಿ ಗಲಾಟೆಯ ಸೆಕ್ಷನ್, ಮೇಲೆ ಕಾರ್ಯಕ್ರಮಗಳ ಜವಾಬ್ದಾರಿ ಎಲ್ಲ ಹೊರಿಸಬೇಡಿ. ವಾರಕ್ಕೆ ಒಂದು ಪಿರಿಯಡ್ ಇನ್ನೊಬ್ಬ ಸಮಾಜ ಶಿಕ್ಷಕರ ತರಗತಿಯಲ್ಲಿ ಕೂರಲು ಬಿಡಿ. ಎರಡು ವರ್ಷದಲ್ಲಿ ಅದರ ಫಲ ನಿಮಗೇ ಕಾಣುತ್ತದೆ.

ತರಬೇತಿ ಕಾಲೇಜುಗಳಿಗೆ ನನ್ನ ಬೇಡಿಕೆ ಎರಡೇ. ವೀಕ್ಷಣೆ ಹಾಳೆಯಲ್ಲಿ ‘ಮಕ್ಕಳು ಕೇಳಿದ ಪ್ರಶ್ನೆಗಳು’ ಎಂಬ ಒಂದು ಕಾಲಂ ಸೇರಿಸಿ, ಅದು ಖಾಲಿ ಇದ್ದರೆ ಯಾಕೆ ಖಾಲಿ ಎಂದು ಕೇಳಿ. ಪಾಠಗಳ ಸಂಖ್ಯೆ ಕಡಿಮೆ ಮಾಡಿ, ಒಂದೇ ಪಾಠವನ್ನು ತಿದ್ದಿ ಇನ್ನೊಂದು ಸೆಕ್ಷನ್‌ಗೆ ಮಾಡಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಆ ಹುಡುಗಿ ತನ್ನ ಅವಧಿ ಮುಗಿಸಿ ಹೋಗುವಾಗ ನನಗೆ ಒಂದು ನೋಟ್‌ಬುಕ್ ಕೊಟ್ಟು ಹೋದಳು. ಉಳಿದ ದಿನಗಳಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳನ್ನೆಲ್ಲ ತರಗತಿ, ಪಾಠದ ಸಮೇತ ಬರೆದಿಟ್ಟಿದ್ದಾಳೆ. ಮುಂದಿನ ತಂಡ ಬಂದಾಗ ಮೊದಲ ದಿನವೇ ಅವರ ಕೈಗೆ ಕೊಡಲಿದ್ದೇನೆ. ಮೊದಲ ಪುಟದಲ್ಲಿ ಆ ಮೂರನೇ ಬೆಂಚಿನ ಹುಡುಗನದೇ ಎರಡು ಪ್ರಶ್ನೆ. ಒಂದು ನಿಮಗೆ ಗೊತ್ತು. ಎರಡನೆಯದನ್ನು ಅವನು ಅವಳ ಕೊನೆಯ ದಿನ ಕೇಳಿದ. ರೊಸೆಟ್ಟಾ ಕಲ್ಲಿನ ಮೇಲೆ ಇರುವುದು ಪುರೋಹಿತರು ತಮ್ಮ ರಾಜನನ್ನು ಹೊಗಳಿ ಬರೆಸಿದ ಶಾಸನ ಎಂದು ತಿಳಿದ ಮೇಲೆ ಕೇಳಿದ್ದು. ‘ಟೀಚರ್, ಹೊಗಳೋಕೆ ಅಂತಾನೇ ಬರೆಸಿದ್ದಾದ್ರೆ, ಅದ್ರಲ್ಲಿ ಇರೋದನ್ನ ನಾವು ಎಷ್ಟು ನಂಬಬೇಕು?’ ಅದರ ಕೆಳಗೆ ಅವಳು ಉತ್ತರ ಬರೆದಿಲ್ಲ. ‘ಮುಂದಿನ ಪಾಠ ಇಲ್ಲಿಂದ’ ಎಂದು ಬರೆದಿದ್ದಾಳೆ.

ಇಂತಿ,
ಒಬ್ಬ ಪ್ರೌಢಶಾಲಾ ಸಮಾಜ ವಿಜ್ಞಾನ ಶಿಕ್ಷಕಿ